ಮೂರನೆಯ ಹಾಡಿನ ಕುಡುಕ

ನನ್ನ ಮಗನ ಆಲ್ಬಮ್ಮಿಗೆ ಮೊದಲು ಬೈದವಳು ನಾನೇ. ಅದಿನ್ನೂ ಹೊರಗೆ ಬಂದಿರಲಿಲ್ಲ. ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಅವನು ಕಿಟಕಿಗೆಲ್ಲ ಹಳೆಯ ರಜಾಯಿ ಕಟ್ಟಿಕೊಂಡು, ಒಂದೇ ಸಾಲನ್ನು ಬೆಳಗಿನಿಂದ ಹೇಳಿ ಹೇಳಿ ರೆಕಾರ್ಡ್ ಮಾಡುತ್ತಿದ್ದ. ನಾನು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದೆ: "ಹಾಡೋದಾದ್ರೆ ಹಾಡು. ಜಗಳ ಆಡೋದಾದ್ರೆ ಕೆಳಗೆ ಬಾ, ಇಬ್ರೂ ಆಡೋಣ."

ನಾನು ಭದ್ರಾವತಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ನನಗೆ ರಾಗ ತಿಳಿಯುವುದಿಲ್ಲ. ರ‍್ಯಾಪಿನಲ್ಲಿ ರಾಗವೇ ಇಲ್ಲವಾದ್ದರಿಂದ ನನಗೆ ತಕರಾರು ಇರಬಾರದಿತ್ತು. ಇತ್ತು. ಬಾಯಿಪಾಠ ಒಪ್ಪಿಸುವ ಹುಡುಗ ಮೇಷ್ಟರ ಮೇಲೆ ಸಿಟ್ಟಾದರೆ ಹೇಗೋ, ನನ್ನ ಕಿವಿಗೆ ಅದು ಹಾಗೆ ಕೇಳುತ್ತಿತ್ತು. ಇದನ್ನು ನಾನು ಅವನಿಗೆ ಮುಖಕ್ಕೆ ಹೇಳಿದ್ದೆ. ಆದರೆ ನಾನು ಬೈಯುವುದು ಬೇರೆ, ಊರು ಬೈಯುವುದು ಬೇರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಮುದ್ದೇನೂ ಅಲ್ಲ, ಹೆಗ್ಗಣವನ್ನು ಹೆಗ್ಗಣ ಅನ್ನುವ ಮೊದಲ ಹಕ್ಕು ಹೆತ್ತವರದು, ಅಷ್ಟೇ.

ಅದಕ್ಕೆ ಮೊದಲು ಅವನು ಜೋಡಿಯಲ್ಲಿ ಹಾಡುತ್ತಿದ್ದ. ಜೊತೆಗಾರ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಡೆಯ ಹುಡುಗ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು. ಕಾಲೇಜು ಫೆಸ್ಟುಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಹಾಡಿ ಇಬ್ಬರೂ ಸ್ವಲ್ಪ ಹೆಸರು ಮಾಡಿದ್ದರು. ಆಮೇಲೆ ಯಾವುದೋ ವಿಡಿಯೋದಲ್ಲಿ ಯಾರ ಮುಖ ಎಷ್ಟು ಹೊತ್ತು ಬಂತು ಎಂಬ ಘನವಾದ ವಿಷಯಕ್ಕೆ ಜಗಳವಾಡಿ ಬೇರೆಯಾದರು. ನನ್ನ ಮಗ ಒಬ್ಬನೇ ಆಲ್ಬಮ್ ಮಾಡಿ ತೋರಿಸುತ್ತೇನೆಂದು ಹೊರಟ. ಹಗಲೆಲ್ಲ ಮದುವೆ ವಿಡಿಯೋಗಳಿಗೆ ಸೌಂಡ್ ಕೂರಿಸುವ ಕೆಲಸ, ಉಳಿದ ಹೊತ್ತೆಲ್ಲ ಮಹಡಿ ಕೋಣೆ.

ಆಲ್ಬಮ್ ಬಂತು. ಬಂದ ದಿನವೇ ಬೈಗುಳವೂ ಬಂತು.

ಭದ್ರಾವತಿಯ ಅಭಿಮಾನಿಗಳೇ ಮೊದಲು ಶುರು ಮಾಡಿದವರು. ಅಭಿಮಾನಿಗಳೆಂದರೆ ಇವರೇ ಆದರೆ ವೈರಿಗಳೆಂದರೆ ಯಾರು ಎಂದು ನನಗೆ ಅನುಮಾನ ಬಂತು. "ಗುರು, ಒಬ್ನಿಗೇ ಆಗಲ್ಲ ನಿಂಗೆ, ಅವನ್ನ ಕರ್ಕೊಂಡ್ ಬಾ" ಎಂದು ಒಬ್ಬ. "ಉಪ್ಪಿಲ್ಲದ ಸಾರು" ಎಂದು ಇನ್ನೊಬ್ಬ. "ಊರು ಬಿಟ್ಟು ಶಿವಮೊಗ್ಗ ಸೇರಿದ್ಮೇಲೆ ನಾಲಿಗೆ ಮೊಂಡಾಯ್ತು" ಎಂದು ಮತ್ತೊಬ್ಬ; ಶಿವಮೊಗ್ಗವೆಂದರೆ ಲಂಡನ್ನು ಎನ್ನುವ ಹಾಗೆ. ತಲೆಯ ಹಿಂದೆ ನೇರಳೆ ದೀಪ ಹಚ್ಚಿಕೊಂಡು ಕೂತು ಹಾಡುಗಳ ವಿಮರ್ಶೆ ಮಾಡುವ ಚಾನೆಲ್ಲಿನವನೊಬ್ಬ "ಬೀಟೂ ಎರವಲು, ಸಿಟ್ಟೂ ಎರವಲು" ಎಂದು ಹತ್ತಕ್ಕೆ ಮೂರು ಕೊಟ್ಟ. ಇಂಟರ್ನೆಟ್ ಪತ್ರಿಕೆಯೊಂದರಲ್ಲಿ ದೊಡ್ಡ ಬರಹವೇ ಬಂತು. ಅದರಲ್ಲೊಂದು ವಾಕ್ಯ ಆಕ್ರೋಶದಿಂದ ಹೊರಟು, ಆಕ್ರೋಶದ ರಾಜಕಾರಣವನ್ನು ಹಾದು, ಕೊನೆಗೆ ಆಕ್ರೋಶಕ್ಕೇ ಬಂದು ನಿಂತಿತ್ತು. ನನ್ನ ಕ್ಲಾಸಿನಲ್ಲಿ ಯಾರಾದರೂ ಲೆಕ್ಕವನ್ನು ಹಾಗೆ ಬಿಡಿಸಿದ್ದರೆ ಬೋರ್ಡಿನ ಹತ್ತಿರ ನಿಲ್ಲಿಸಿರುತ್ತಿದ್ದೆ.

ಮಗ ಇದನ್ನೆಲ್ಲ ಬೆಳಗಿನ ಕಾಫಿಯ ಜೊತೆ ಗಟ್ಟಿಯಾಗಿ ಓದುತ್ತಿದ್ದ. ನಗುತ್ತಲೇ ಓದುತ್ತಿದ್ದ. ಲೋಟದಲ್ಲಿ ಕಾಫಿ ಹಾಗೇ ಆರುತ್ತಿತ್ತು.

ಬೈಯುವವರೆಲ್ಲ ಎರಡು ವಿಷಯದಲ್ಲಿ ಮಾತ್ರ ಒಂದಾಗಿದ್ದರು. ಮೂರನೆಯ ಹಾಡು ಬೆಂಕಿ. ಏಳನೆಯ ಹಾಡು ಕಸ. ಏಳನೆಯದರ ಉದ್ದಕ್ಕೂ ಏನೋ ಕರಕರ ಸದ್ದಿದೆ, ಮೈಕ್ ಕೆಟ್ಟಿದ್ದರೂ ನೋಡಿಕೊಳ್ಳದೆ ಬಿಟ್ಟಿದ್ದಾನೆ, ಇಷ್ಟು ಬೇಜವಾಬ್ದಾರಿ ಬೇಡ ಎಂದು ನೇರಳೆ ದೀಪದವನು ಕೈ ಮುಗಿದೇ ಹೇಳಿದ್ದ. ಮೂರನೆಯದರ ಮಾತು ಬಂದಾಗ ಮಾತ್ರ ಅವನ ದನಿ ಇಳಿಯಿತು. "ಇದು ಬರೆದದ್ದಲ್ಲ, ಬದುಕಿದ್ದು" ಎಂದ. ಆ ಒಂದು ಹಾಡಿನಿಂದಾಗಿ ಬೆಂಗಳೂರಿನ ಒಂದು ಕಾರ್ಯಕ್ರಮದವರು ಇವನನ್ನು ಕರೆಯುವ ಮಾತಾಡಿದ್ದರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುವಂತೆ ನನ್ನ ಮಗ ಆ ಹಾಡನ್ನು ಹಿಡಿದುಕೊಂಡಿದ್ದ.

"ಅದೇನು ಮೂರನೇದು, ಹಾಕು ಕೇಳೋಣ" ಎಂದೆ.

"ನಿಂಗೆ ಇಷ್ಟ ಆಗಲ್ಲ ಬಿಡಮ್ಮ" ಎಂದು ಲೋಟ ತೆಗೆದುಕೊಂಡು ಎದ್ದ. ತನ್ನ ಲೋಟವನ್ನು ತಾನೇ ಎತ್ತಿಟ್ಟ ಮಗನ ಮೇಲೆ ಯಾವ ತಾಯಿಗೂ ಅನುಮಾನ ಬರಬೇಕು. ನನಗೆ ಬರಲಿಲ್ಲ.

ಗೊತ್ತಾದದ್ದು ಪಕ್ಕದ ಮನೆಯಾಕೆಯಿಂದ. ಗಂಡನಿಗೆ ಹಾರ್ಡ್‌ವೇರ್ ಅಂಗಡಿ, ಆಕೆಗೆ ಇಡೀ ಬೀದಿಯ ಉಸ್ತುವಾರಿ. ಒಂದು ಬೆಳಿಗ್ಗೆ ಬಟ್ಟಲ ತುಂಬ ಹೋಳಿಗೆ ತಂದು ಕೊಟ್ಟು, ನನ್ನ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡರು.

"ಇಷ್ಟೆಲ್ಲ ನುಂಗ್ಕೊಂಡು ಬದುಕಿದ್ರಿ ಅಂತ ಗೊತ್ತೇ ಇರ್ಲಿಲ್ಲ ಮಾರಾಯ್ತಿ. ನಮ್ಮ ಹುಡುಗಿ ಹಾಡು ಹಾಕಿ ಕೇಳಿಸಿದ್ಲು. ಹೋದವರ ಬಗ್ಗೆ ಅನ್ಬಾರ್ದು, ಆದ್ರೂ ಅಷ್ಟು ಖರಾಬ್ ಅಂತ ಅಂದ್ಕೊಂಡಿರ್ಲಿಲ್ಲ."

ಹೋಳಿಗೆಯನ್ನು ಒಳಗಿಟ್ಟು, ಮಹಡಿಗೆ ಹೋಗಿ, ಮಗನ ಕಂಪ್ಯೂಟರಿನ ಎದುರು ಕೂತು ಮೂರನೆಯ ಹಾಡನ್ನು ಹಾಕಿಸಿಕೊಂಡು ಕೇಳಿದೆ.

ಅಪ್ಪ ಬಂದ ಬಾಟಲಿ ಹಿಡಿದು, ಅಮ್ಮ ನಿಂತಳು ಬಾಗಿಲು ಹಿಡಿದು,
ಹಸಿದ ಹೊಟ್ಟೆ ಚಾಪೆ ಹಾಸಿ, ಮಲಗಿದೆ ನಾ ಉಸಿರು ಹಿಡಿದು.

ಹೀಗೇ ಮುಂದುವರಿಯಿತು. ಮಿಲ್ಲಿನ ಕ್ವಾರ್ಟರ್ಸು, ಒಡೆದ ಹೆಂಚು, ಸಾರಾಯಿ ವಾಸನೆ, ಬೆಲ್ಟು, ಅಮ್ಮನ ತುಟಿಯ ಮೇಲೆ ರಕ್ತ. ನಡುವೆ "ಕಾಗದನಗರ" ಎಂಬ ಹೆಸರು ಬೇರೆ, ವಿಳಾಸ ತಪ್ಪಬಾರದೆಂಬಂತೆ. ಪ್ರಾಸ ಸರಿಯಾಗಿತ್ತು. ಉಳಿದದ್ದೆಲ್ಲ ತಪ್ಪು.

ನನ್ನ ಗಂಡ ಭದ್ರಾವತಿಯ ಕಾಗದನಗರದ ಪೇಪರ್ ಮಿಲ್ಲಿನ ಲ್ಯಾಬಿನಲ್ಲಿ ಕಾಗದ ಪರೀಕ್ಷೆ ಮಾಡುತ್ತಿದ್ದರು. ಮಿಷನ್ನುಗಳೆಲ್ಲ ಇದ್ದರೂ ಅವರಿಗೆ ತಮ್ಮ ಕಿವಿಯ ಮೇಲೆ ಹೆಚ್ಚು ನಂಬಿಕೆ. ಹಾಳೆಯ ಒಂದು ಮೂಲೆ ಹಿಡಿದು ಕಿವಿಯ ಹತ್ತಿರ ಝಾಡಿಸುತ್ತಿದ್ದರು. ಒಳ್ಳೆಯ ಕಾಗದ ಗರಿಗರಿಯಾಗಿ ಮಾತಾಡುತ್ತದೆ, ಕೆಟ್ಟದ್ದು ಗೊಣಗುತ್ತದೆ ಎನ್ನುತ್ತಿದ್ದರು. ಮನೆಯಲ್ಲೂ ಅದೇ ಚಾಳಿ. ನಾನು ತಿದ್ದಲು ತಂದ ಉತ್ತರಪತ್ರಿಕೆ ಝಾಡಿಸುವರು, ಲೈಟ್ ಬಿಲ್ ಝಾಡಿಸುವರು. ನನ್ನ ತಮ್ಮನ ಮದುವೆಯ ಕರೆಯೋಲೆಯನ್ನು ತಂದುಕೊಟ್ಟ ನಮ್ಮಪ್ಪನ ಎದುರೇ ಝಾಡಿಸಿ, "ಸ್ವಲ್ಪ ತೆಳುವಾಯ್ತು" ಎಂದವರು. ದೇವರಂಥ ಮನುಷ್ಯನೇನೂ ಅಲ್ಲ. ಜಿಪುಣ. ಹಟವಾದಿ. ಒಂದು ಕಾಲಕ್ಕೆ ನಶ್ಯದ ಚಟವಿತ್ತು. ಅದು ಲ್ಯಾಬಿನಲ್ಲಿ ಹಾಳೆಯ ಮೇಲೆ ಉದುರುತ್ತದೆಂದು ತಾವಾಗಿಯೇ ಬಿಟ್ಟರು. ಅವರ ಮದ್ಯಪಾನವೆಂದರೆ ಕೆಮ್ಮಿನ ಔಷಧಿ. ಸಿಟ್ಟು ಬಂದರೆ ಬೆಲ್ಟಿಗಲ್ಲ, ಮೌನಕ್ಕೆ ಕೈ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಸಾಮಾನು ಎಸೆಯುತ್ತಿದ್ದವಳು ನಾನು.

ಮಿಲ್ ನಿಂತ ಮೇಲೆ ಕ್ವಾರ್ಟರ್ಸ್ ಬಿಟ್ಟು ಆಲ್ಕೊಳಕ್ಕೆ ಬಂದೆವು. ಇಲ್ಲಿಗೆ ಬಂದ ಕೆಲವೇ ವರ್ಷದಲ್ಲಿ ಅವರು ಹೃದಯದ ತೊಂದರೆಯಿಂದ ಹೋಗಿಬಿಟ್ಟರು. ಈ ಬೀದಿಯವರಿಗೆ ಅವರ ಪರಿಚಯ ಅಷ್ಟಕ್ಕಷ್ಟೆ. ಮಗನೇ ಈಗ ಪರಿಚಯ ಮಾಡಿಸಿದ್ದ.

"ಇದು ಯಾರೋ?" ಎಂದೆ.

"ಅದು ಕ್ಯಾರೆಕ್ಟರ್ ಅಮ್ಮ. ಅಪ್ಪ ಅಲ್ಲ."

"ನನ್ನಪ್ಪ ಅಂತ ಹಾಡಿದ್ದೀಯ. ಕಾಗದನಗರ ಅಂದಿದ್ದೀಯ. ಇನ್ನು ಆಧಾರ್ ನಂಬರ್ ಒಂದು ಬಾಕಿ."

"ಹಿಪ್‌ಹಾಪ್ ಅಂದ್ರೆ ಸ್ಟ್ರಗಲ್ ಅಮ್ಮ. ಕ್ವಾರ್ಟರ್ಸಲ್ಲಿ ಮೊಸರನ್ನ ತಿಂದ್ಕೊಂಡು, ಅಮ್ಮನ ಹತ್ರ ಮಗ್ಗಿ ಕಲ್ತು ಬೆಳೆದೆ ಅಂತ ಹಾಡಿದ್ರೆ ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ ಅಂದ್ರೆ ಬಾಯಿ ಮುಚ್ಕೊಂಡಿರು."

ಆಗ ಅವನು ಒಂದು ಮಾತು ಹೇಳಿದ. "ಅಪ್ಪ ಇಲ್ವಲ್ಲಮ್ಮ ಈಗ, ಬೇಜಾರು ಮಾಡ್ಕೊಳ್ಳೋಕೆ."

ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಬೀದಿಯವರು ಕೇಳಿದ್ದಾರೆ, ಸಾಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಮುಡಿಯುವವರನ್ನು ನೋಡಿದ್ದೆ. ಹೊಟ್ಟೆ ತುಂಬ ಉಂಡು ಹಸಿದವನ ವೇಷ ಕಟ್ಟುವವನು ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದ.

ಮುಂದಿನ ವಾರಗಳಲ್ಲಿ ನಾನು ಊರಿನ ಪಾಲಿಗೆ ಸಂತ್ರಸ್ತೆಯಾದೆ. ಸರ್ಕಲ್ಲಿನ ತರಕಾರಿಯವನು ಕೊತ್ತಂಬರಿ ಸೊಪ್ಪನ್ನು ಪುಕ್ಕಟೆ ಹಾಕಿ, "ಇರ್ಲಿ ಅಮ್ಮ" ಎಂದ. ಕೇಳದೆ ಕೊತ್ತಂಬರಿ ಕೊಡುವ ತರಕಾರಿಯವನಿಗಿಂತ ಭಯಂಕರವಾದದ್ದು ಬೇರೆ ಇಲ್ಲ. ಕಾಲೇಜು ಹುಡುಗಿಯರಿಬ್ಬರು ಗೇಟಿನ ಹತ್ತಿರ ಬಂದು ನನ್ನ ಜೊತೆ ಫೋಟೋ ತೆಗೆಸಿಕೊಂಡರು. ಕೊನೆಗೆ ಒಂದು ಮಹಿಳಾ ಸಂಘದವರು ಬಂದರು. ನನಗೆ ಶಾಲು ಹೊದಿಸಿ "ಸಹನಾಮಯಿ ತಾಯಿ" ಎಂಬ ಬಿರುದು ಕೊಡುತ್ತಾರಂತೆ. ಡಸ್ಟರ್ ಗುರಿಯಿಟ್ಟು ಹೊಡೆಯುವುದರಲ್ಲಿ ಇಡೀ ತಾಲೂಕಿಗೆ ಹೆಸರಾಗಿದ್ದ ನಾನು, ಸಹನಾಮಯಿ!

"ನನ್ನ ಗಂಡ ಕುಡೀತಿರ್ಲಿಲ್ಲ" ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೀಗೆ ಮುಚ್ಚಿಡೋರೇ ಜಾಸ್ತಿ ಮೇಡಂ" ಎಂದು ಅಧ್ಯಕ್ಷೆ ನನ್ನ ಬೆನ್ನು ಸವರಿದರು. ನಿಜ ಹೇಳಿದಷ್ಟೂ ನಾನು ಹೆಚ್ಚು ಪೆಟ್ಟು ತಿಂದವಳಾಗುತ್ತಿದ್ದೆ. ನಾನು ಎಷ್ಟು ಕೂಗಿದರೂ ನನ್ನ ಗಂಡ ಕುಡುಕನಾಗಿಯೇ ಉಳಿಯುತ್ತಾರೆ, ಮಗನೇ ಕೂಗಿ ಹೇಳಿದರೆ ಮಾತ್ರ ಊರು ನಂಬುತ್ತದೆ ಎಂದು ಅವತ್ತು ಅರ್ಥವಾಯಿತು. ಅವನು ಬಾಯಿ ಬಿಡಲೊಲ್ಲ. ಬಾಯಿ ಬಿಟ್ಟರೆ ಆಲ್ಬಮ್ಮಿನಲ್ಲಿ ಉಳಿದಿದ್ದ ಒಂದೇ ಒಳ್ಳೆಯ ಮಾತೂ ಹೋಗುತ್ತದೆ.

ಅಷ್ಟರಲ್ಲಿ ನನ್ನ ಗಂಡನ ತಿಥಿ ಬಂತು. ಮಗನಿಗೆ ಸಂಧ್ಯಾವಂದನೆ ಮರೆತಿದೆ, ಜನಿವಾರ ಮೊಳೆಗೆ ನೇತಾಡುತ್ತಿರುತ್ತದೆ. ಆದರೆ ಅಪ್ಪನ ಶ್ರಾದ್ಧವನ್ನು ಮಾತ್ರ ತಪ್ಪಿಸಿದವನಲ್ಲ. ಶ್ರಾದ್ಧಕ್ಕೆ ಇಬ್ಬರು ಊಟಕ್ಕೆ ಕೂರಬೇಕು. ಒಬ್ಬರು ದೇವರ ಸ್ಥಾನಕ್ಕೆ, ಒಬ್ಬರು ತೀರಿಕೊಂಡವರ ಸ್ಥಾನಕ್ಕೆ. ದೇವರ ಸ್ಥಾನಕ್ಕೆ ಪುರೋಹಿತರು ಯಾರನ್ನಾದರೂ ಕರೆತರುತ್ತಿದ್ದರು. ನನ್ನ ಗಂಡನ ಸ್ಥಾನದಲ್ಲಿ ಮೊದಲಿನಿಂದಲೂ ಕೂರುತ್ತಿದ್ದವರು ಭದ್ರಾವತಿಯ ಒಬ್ಬ ಹಿರಿಯರು. ವೇದ ಓದಿದ ಮನೆತನದವರು, ಲ್ಯಾಬಿನಲ್ಲಿ ನನ್ನ ಗಂಡನ ಪಕ್ಕದ ಮೇಜಿನವರು. ಅವರು ಪುರೋಹಿತರಿಗೆ ಫೋನ್ ಮಾಡಿ ಈ ಸಲ ಬರುವುದಿಲ್ಲ ಎಂದಿದ್ದರು. ಕಾರಣ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ನಡಿ, ಮನೆಗೇ ಹೋಗಿ ಕರೆಯೋಣ" ಎಂದೆ. ಮಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು ಹೊರಟ.

ಭದ್ರಾವತಿ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನ ಹುಡುಗ ಹಿಂದಕ್ಕೆ ತಿರುಗಿದ, ಮಗನ ಗುರುತು ಹಿಡಿದ.

"ಬ್ರೋ, ಮೂರನೇದು ಬೆಂಕಿ ಬ್ರೋ! ಉಳಿದದ್ದು..." ಎಂದು ಮುಖ ಹುಳಿ ಮಾಡಿದ. "ಏಳನೇದಕ್ಕೆ ಮೈಕ್ ಹಾಳಾಗಿತ್ತಾ? ನಂ ಇಯರ್‌ಫೋನೇ ಹೋಯ್ತು ಅಂದ್ಕೊಂಡೆ."

ಮಗ ನಕ್ಕ. ಹುಡುಗ ನನ್ನ ಕಡೆ ನೋಡಿ, ದನಿ ಇಳಿಸಿ, "ಅಮ್ಮ, ನಿಮ್ಮ ಕಷ್ಟ ಕೇಳಿ ಅತ್ತೇಬಿಟ್ಟೆ" ಎಂದ.

"ನನ್ನ ಕಷ್ಟ ಇಲ್ಲೇ ಪಕ್ಕದಲ್ಲಿ ಕೂತಿದೆ" ಎಂದೆ. ಹುಡುಗ ಅದನ್ನೂ ತಾಯಿಯ ಪ್ರೀತಿ ಎಂದುಕೊಂಡು ತಲೆ ಆಡಿಸಿದ.

ಬಸ್ಸಿನ ಗದ್ದಲದಲ್ಲಿ ನಾನು ಕೈ ಚಾಚಿದೆ. "ಆ ಏಳನೇದನ್ನ ಕೊಡು ಇಲ್ಲಿ. ಊರೆಲ್ಲ ಉಗಿದಿದೆ, ನಂದೂ ಒಂದು ಇರ್ಲಿ." ಮಗ ಇಯರ್‌ಫೋನ್ ಕೊಟ್ಟು ಕಿಟಕಿಯ ಕಡೆ ತಿರುಗಿ ಕೂತ.

ಮೊದಲು ಏನೂ ಇರಲಿಲ್ಲ. ಆಮೇಲೆ ಆ ಕರಕರ ಸದ್ದು. ಒಮ್ಮೆ, ಸ್ವಲ್ಪ ಬಿಟ್ಟು ಮತ್ತೊಮ್ಮೆ, ಆಮೇಲೆ ಬೇಗ ಎರಡು ಸಲ. ಕೇಳಿದ ಕೂಡಲೇ ನನ್ನ ಕೈ ಸೀಟಿನ ಕಂಬಿಯನ್ನು ಹಿಡಿದುಕೊಂಡಿತು. ಅಡುಗೆಮನೆಯಲ್ಲಿರುವಾಗ ಹಜಾರದಿಂದ ಆ ಸದ್ದು ಬಂತೆಂದರೆ ಅವರು ಮನೆಗೆ ಬಂದಿದ್ದಾರೆ, ಅಂಚೆಯಲ್ಲಿ ಬಂದದ್ದನ್ನು ಕೈಗೆತ್ತಿಕೊಂಡಿದ್ದಾರೆ, ಇನ್ನು ಕಾಫಿಗೆ ನೀರಿಡಬೇಕು ಎಂದು ಅರ್ಥ. ಎಷ್ಟೋ ವರ್ಷ ನನ್ನ ಮನೆ ಆ ಸದ್ದಿನ ಮೇಲೆ ನಡೆದಿತ್ತು. ಮಗ ಹಾಳೆಯನ್ನು ಮೈಕಿನ ಎದುರು ಅವರ ಹಾಗೇ ಝಾಡಿಸಿ, ಆ ಸದ್ದಿನಿಂದಲೇ ಇಡೀ ಹಾಡಿನ ತಾಳ ಕಟ್ಟಿದ್ದ. ಅದರ ಮೇಲೆ ಅವನ ದನಿ, ಸಿಟ್ಟಿಲ್ಲದ ದನಿ.

ಬಿಳಿ ಹಾಳೆ ಕಿವಿಯ ಹತ್ರ, ಏನಂತಪ್ಪ ಅಂತ ಕೇಳಿದೆ,
ಇನ್ನೂ ಯಾರೂ ಬರೆದಿಲ್ಲ, ಅದಕ್ಕೆ ನಿಜ ಹೇಳ್ತದೆ ನೀನಂದೆ.

ನಾನು ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮನೆಯಲ್ಲಿ ಸುಳ್ಳು ಬರೆಯಲು ಒಬ್ಬ ಸಾಕು. ನಾನು ಅತ್ತದ್ದು ನಿಜ. ಅತ್ತು ಮುಗಿದ ಮೇಲೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಇಷ್ಟು ಸರಿಯಾಗಿ ಅಪ್ಪನನ್ನು ಕಂಡಿದ್ದವನು, ಇಷ್ಟು ಚೆನ್ನಾಗಿ ಹೇಳಬಲ್ಲವನು, ಮೂರನೆಯ ಹಾಡಿನಲ್ಲಿ ಯಾರದೋ ಅಪ್ಪನನ್ನು ತಂದು ಕೂರಿಸಿದ್ದ. ಇದನ್ನು ಉಗಿದ ಊರಿನ ಮೇಲೂ ಸಿಟ್ಟು ಬಂತು. ಸುಳ್ಳಿಗೆ ಕಣ್ಣೀರು ಹಾಕಿದ ಊರು, ನಿಜವನ್ನು ಮೈಕ್ ಕೆಟ್ಟಿದೆ ಎಂದಿತ್ತು.

"ಇದನ್ಯಾಕೋ ಯಾರಿಗೂ ಹೇಳ್ಲಿಲ್ಲ?"

"ಹೇಳಿದೀನಲ್ಲಮ್ಮ, ಹಾಡಲ್ಲಿ. ಯಾರೂ ಅಲ್ಲೀವರೆಗೂ ಕೇಳಲ್ಲ" ಎಂದ.

ಹಿರಿಯರ ಮನೆ ಕಾಗದನಗರದ ಅಂಚಿನಲ್ಲಿತ್ತು. ದಾರಿಯಲ್ಲಿ ನಮ್ಮ ಹಳೆಯ ಕ್ವಾರ್ಟರ್ಸ್ ಸಿಕ್ಕಿತು. ಬಾಗಿಲಿಗೆ ಬೀಗ, ಅಂಗಳದಲ್ಲಿ ಆಳೆತ್ತರ ಲಂಟಾನ. ಹೆಂಚು ಮಾತ್ರ ಈಗ ನಿಜವಾಗಿಯೂ ಒಡೆದಿತ್ತು. ಮಗ ಅದನ್ನು ನೋಡಿದ, ನಾನು ಅವನನ್ನು ನೋಡಿದೆ.

ಹಿರಿಯರು ಜಗಲಿಯಲ್ಲಿ ಕೂತಿದ್ದರು. ಒಂದು ಕಿವಿಗೆ ಮಿಷನ್ ಬಂದಿದೆ, ಇನ್ನೊಂದು ಇನ್ನೂ ತಕ್ಕಮಟ್ಟಿಗೆ ಕೇಳುತ್ತದೆ. ನನಗೆ ಕೂರಲು ಹೇಳಿದರು. ಮಗನಿಗೆ ಹೇಳಲಿಲ್ಲ.

"ಮೊಮ್ಮಗ ಹಾಕಿ ಕೇಳಿಸಿದ" ಎಂದರು. "ನಂಗೆ ಮಾತು ಹಿಡೀಲಿಲ್ಲ, ಅವನೇ ಒಂದೊಂದೇ ಸಾಲು ಕಿವೀಲಿ ಹೇಳಿದ. ಹೇಳಿ ನಗ್ತಾನೆ, ಅಜ್ಜ ನಿನ್ನ ಫ್ರೆಂಡು ಹೀಗಾ ಅಂತ. ಊರಿಗೆಲ್ಲ ಕುಡುಕ ಅಂತ ಸಾರಿ, ಆಮೇಲೆ ಅವನ ಹೆಸರಲ್ಲಿ ನಂಗೆ ವಡೆ ಬಡಿಸಿದ್ರೆ ಅದು ಅವನಿಗೆ ಮುಟ್ಟುತ್ತೇನೋ?"

"ಅದು ಬರೀ ಹಾಡು..." ಎಂದು ಮಗ ಶುರು ಮಾಡಿದ.

"ಹಾಡಂತೆ! ಅವನಿದ್ದಿದ್ರೆ ನಿನ್ನ ಹಾಡನ್ನ ಮೂಲೆ ಹಿಡಿದು ಝಾಡಿಸಿ ಕಸಕ್ಕೆ ಹಾಕ್ತಿದ್ದ."

ನಾನು ಆಸೆಯಿಂದ ಮಗನ ತೋಳು ತಿವಿದೆ. ಏಳನೆಯದನ್ನು ಕೇಳಿದರೆ ಈ ಮನುಷ್ಯ ಕರಗದೆ ಇರಲಾರರು, ಇಡೀ ಲೋಕದಲ್ಲಿ ಆ ಸದ್ದನ್ನು ಬಲ್ಲ ಮೂರನೆಯವರು ಇವರು ಎಂದುಕೊಂಡೆ. ಮಗ ಫೋನನ್ನು ಅವರ ಕಿವಿಯ ಹತ್ತಿರ ಹಿಡಿದ. ಹಿರಿಯರು ಕಣ್ಣು ಕಿರಿದು ಮಾಡಿ ಕೇಳಿದರು.

"ಇದೇನಿದು ಕರಕರ?" ಎಂದು ಕಿವಿಯ ಮಿಷನ್ನನ್ನು ತಟ್ಟಿಕೊಂಡರು. "ನಿನ್ನ ಫೋನ್ ಹಾಳಾಗಿದೆ. ಆರಿಸು ಮಾರಾಯ, ತಲೆ ಸಿಡೀತದೆ."

ಏಳನೆಯ ಹಾಡಿಗೆ ಕೊನೆಯ ವಿಮರ್ಶೆಯೂ ಬಂದ ಹಾಗಾಯಿತು. ಮಗ ಫೋನನ್ನು ಜೇಬಿಗೆ ಹಾಕಿಕೊಂಡ. ಅವನ ಮುಖ ನೋಡಲಾರದೆ ನಾನು ಎದ್ದು ನಿಂತು, "ಆಗ್ಲಿ, ಬೇರೆ ಯಾರನ್ನಾದ್ರೂ ಕೂರಿಸ್ತೀವಿ" ಎಂದೆ.

"ಬೇರೆಯವನಿಗೆ ಅವನು ಯಾರು ಅಂತ ಏನು ಗೊತ್ತು?" ಎಂದು ಹಿರಿಯರು ನನ್ನ ಮೇಲೇ ಸಿಡುಕಿದರು. "ಬರ್ತೀನಿ. ಅವನಿಗೋಸ್ಕರ ಬರ್ತೀನಿ. ಆದ್ರೆ ಕೇಳ್ಕೋ ಹುಡುಗ, ಊಟ ಆದ್ಮೇಲೆ ನೀನು ಕೇಳ್ತೀಯಲ್ಲ, ಅದಕ್ಕೆ ಉತ್ತರ ಕೊಡೋದು ಬಿಡೋದು ನಂಗೆ ಸೇರಿದ್ದು."

ಅದೊಂದು ಪದ್ಧತಿ. ಶ್ರಾದ್ಧದ ಊಟ ಮುಗಿದ ಮೇಲೆ ಮಗ ಕೈ ಮುಗಿದು "ತೃಪ್ತಾಃ ಸ್ಥ?" ಎಂದು ಕೇಳಬೇಕು, ತೃಪ್ತರಾದಿರಾ ಎಂದು. ತೀರಿಕೊಂಡವರ ಸ್ಥಾನದಲ್ಲಿ ಕೂತವರು "ತೃಪ್ತಾಃ ಸ್ಮಃ" ಅನ್ನಬೇಕು, ತೃಪ್ತರಾದೆವು ಎಂದು. ಆ ಮಾತು ಬಂದ ಮೇಲೆಯೇ ಮುಂದಿನ ಕೆಲಸ. ಯಾರೂ ಅದನ್ನು ನಿಜವಾದ ಪ್ರಶ್ನೆ ಎಂದುಕೊಳ್ಳುವುದಿಲ್ಲ. ಬಸ್ಸಿನಲ್ಲಿ ಸಿಕ್ಕವರು "ಚೆನ್ನಾಗಿದೀರಾ" ಎಂದರೆ "ಹ್ಞೂಂ" ಎನ್ನುತ್ತೇವಲ್ಲ, ಹಾಗೆ.

ತಿಥಿಯ ದಿನ ಹಿರಿಯರು ಹೇಳಿದ ಹೊತ್ತಿಗೆ ಬಂದರು. ಮಗ ಒದ್ದೆ ಪಂಚೆಯಲ್ಲಿ ಅವರ ಕಾಲು ತೊಳೆದ, ಎಳ್ಳು ನೀರು ಬಿಟ್ಟ, ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಹೇಳಿದ. ಮೂರನೆಯ ಹಾಡಿನಲ್ಲಿ ಬಾಟಲಿ ಹಿಡಿದುಕೊಂಡು ಬಂದವನು ಈಗ ಗೋತ್ರ ಸಮೇತ ಬಂದು ಎಲೆಯ ಮುಂದೆ ಕೂತ. ಎಳ್ಳುಂಡೆ, ವಡೆ, ಬಾಳೆಕಾಯಿ ಪಲ್ಯ, ಪಾಯಸ ಎಲ್ಲವನ್ನೂ ನನ್ನ ಗಂಡನ ಇಷ್ಟದಂತೆಯೇ ಮಾಡಿದ್ದೆ. ಹಿರಿಯರು ಮಾತಾಡದೆ, ಒಂದು ಅಗುಳೂ ಬಿಡದೆ ಉಂಡರು.

ಮಗ ಕೈ ಮುಗಿದು ಕೇಳಿದ. "ತೃಪ್ತಾಃ ಸ್ಥ?"

ದೇವರ ಸ್ಥಾನದಲ್ಲಿದ್ದವರು ಥಟ್ಟನೆ ಉತ್ತರ ಕೊಟ್ಟರು. ಹಿರಿಯರು ಸುಮ್ಮನೆ ಕೂತರು.

ಮಗ ಇನ್ನೊಮ್ಮೆ ಕೇಳಿದ. ಅವರು ಎಲೆ ನೋಡುತ್ತ ಕೂತರು. ಪುರೋಹಿತರು, "ಹೇಳ್ಬಿಡಿ ಸ್ವಾಮಿ, ನಂಗೆ ಇನ್ನೊಂದು ಮನೆ ಇದೆ" ಎಂದರು. ಸೋಗಾನೆಯ ವಿಮಾನ ನಿಲ್ದಾಣದಿಂದ ಎದ್ದ ವಿಮಾನವೊಂದು ತಾರಸಿಯ ಮೇಲೆ ಹಾದುಹೋಯಿತು. ಮಗ ನನ್ನ ಕಡೆ ನೋಡಿದ. ಎಲ್ಲದಕ್ಕೂ ಬಾಯಿ ಹಾಕುವ ನಾನು ಅಡುಗೆಮನೆಯ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಆಲ್ಬಮ್ ಬಂದ ದಿನದಿಂದ ಅವನು ಕಂಡಕಂಡವರನ್ನೆಲ್ಲ ಕೇಳುತ್ತಿದ್ದದ್ದೂ ಇದನ್ನೇ, ಹಿಡಿಸಿತಾ, ಹಿಡಿಸಿತಾ ಎಂದು. ಅಪ್ಪನನ್ನು ಈಗ ಕೇಳುತ್ತಿದ್ದ.

ಅವನು ಹಿರಿಯರ ಎದುರು ಬಗ್ಗಿದ. "ಅಪ್ಪ ಕುಡೀತಿರ್ಲಿಲ್ಲ. ನಾನು ಸುಳ್ಳು ಹಾಡಿದ್ದು. ತಪ್ಪಾಯ್ತು."

ಹಿರಿಯರು ಅಂದು ಮೊದಲ ಸಲ ಬಾಯಿ ಬಿಟ್ಟರು. "ನಂಗೆ ಗೊತ್ತು. ನಂಗೆ ಯಾಕೆ ಹೇಳ್ತೀಯ?"

ಮಗ ಎದ್ದ. ಒದ್ದೆ ಪಂಚೆಯಲ್ಲೇ ಹೋಗಿ ಹಜಾರದ ಸ್ಟೂಲಿನ ಮೇಲಿದ್ದ ಫೋನ್ ಎತ್ತಿಕೊಂಡ. "ಮಡಿ! ಮಡಿ ಕೆಡ್ತು!" ಎಂದು ಪುರೋಹಿತರು ಕಿರುಚಿದರು. ಅವನು ಫೋನನ್ನು ಮುಖದ ಎದುರು ಹಿಡಿದು ನಮ್ಮೆಲ್ಲರ ಮುಂದೆಯೇ ಮಾತಾಡಿದ. ಪ್ರಾಸವಿಲ್ಲ, ತಾಳವಿಲ್ಲ.

"ಮೂರನೇ ಹಾಡಲ್ಲಿರೋದು ನಮ್ಮಪ್ಪ ಅಲ್ಲ. ನಮ್ಮಪ್ಪ ಕುಡೀತಿರ್ಲಿಲ್ಲ. ಅಮ್ಮನ ಮೇಲೆ ಕೈ ಎತ್ತಿಲ್ಲ. ನಾನು ಒಂದು ದಿನಾನೂ ಹಸ್ಕೊಂಡು ಮಲಗಿಲ್ಲ. ಹಾಡು ಓಡ್ಲಿ ಅಂತ ಸುಳ್ಳು ಹೇಳ್ದೆ. ಅವರು ಕಾಗದ ಟೆಸ್ಟ್ ಮಾಡ್ತಿದ್ರು. ಒಳ್ಳೆಯವರು. ಇವತ್ತು ಅವರ ತಿಥಿ."

ಅಷ್ಟು ಹೇಳಿ ಊರಿಗೆಲ್ಲ ಕಾಣುವಂತೆ ಹಾಕಿದ. ಫೋನನ್ನು ಸ್ಟೂಲಿನ ಮೇಲಿಟ್ಟು, ಬಚ್ಚಲಿಗೆ ಹೋಗಿ ತಲೆಯ ಮೇಲೆ ಮತ್ತೆ ನೀರು ಹೊಯ್ದುಕೊಂಡು, ನೀರು ತೊಟ್ಟಿಕ್ಕುತ್ತ ಬಂದು ಎಲೆಯ ಮುಂದೆ ನಿಂತ.

"ತೃಪ್ತಾಃ ಸ್ಥ?"

"ತೃಪ್ತಾಃ ಸ್ಮಃ" ಎಂದರು ಹಿರಿಯರು. ಕೂಡಲೇ, ಗಟ್ಟಿಯಾಗಿ. ಆಮೇಲೆ ಕನ್ನಡದಲ್ಲಿ, "ವಡೆ ಚೆನ್ನಾಗಿತ್ತು" ಎಂದು ನನ್ನ ಕಡೆ ತಿರುಗಿ ಸೇರಿಸಿದರು. ಪುರೋಹಿತರು ಇದ್ಯಾವ ಶಾಸ್ತ್ರ ಎಂದು ಗೊಣಗುತ್ತಲೇ ಪಿಂಡಕ್ಕೆ ಅಣಿ ಮಾಡಿದರು.

ಹೊರಡುವಾಗ ಮಗ ತಾಂಬೂಲದ ಜೊತೆ ದಕ್ಷಿಣೆಯ ಕವರನ್ನು ಅವರ ಕೈಗೆ ಕೊಟ್ಟ. ಹಿರಿಯರು ಕವರನ್ನು ತೆರೆಯಲಿಲ್ಲ. ಮೂಲೆ ಹಿಡಿದು, ಮಿಷನ್ ಇಲ್ಲದ ಕಿವಿಯ ಹತ್ತಿರ ತಂದು ಝಾಡಿಸಿದರು. ಕರಕರ ಅಂದಿತು. "ನಮ್ಮ ಮಿಲ್ಲಿಂದಲ್ಲ" ಎಂದು ಜೇಬಿಗೆ ಹಾಕಿಕೊಂಡು ಗೇಟು ದಾಟಿದರು. ತಾವು ಏನು ಮಾಡಿದೆವು ಎಂದು ಅವರಿಗೆ ತಿಳಿಯಲೂ ಇಲ್ಲ. ಮಗ ಗೇಟಿನ ಹತ್ತಿರ ಸುಮಾರು ಹೊತ್ತು ನಿಂತೇ ಇದ್ದ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಸಂಜೆಯೊಳಗೆ ಊರು ಎದ್ದು ಬಂತು. ಅತ್ತವರೆಲ್ಲ ತಮ್ಮ ಕಣ್ಣೀರು ವಾಪಸ್ ಕೇಳಿದರು. "ಫೇಕ್", "ಕಳ್ಳ", "ನಿಜವಾಗ್ಲೂ ಏಟು ತಿಂದ ಮಕ್ಕಳಿಗೆ ಅವಮಾನ ಮಾಡ್ದೆ" ಎಂದು ಬರೆದರು. ಕೊನೆಯ ಮಾತು ನ್ಯಾಯವಾಗಿತ್ತು, ಮಹಡಿಯ ಜಗಳದಲ್ಲಿ ನಾನೂ ಅದನ್ನೇ ಅಂದಿದ್ದೆ. ನೇರಳೆ ದೀಪದವನು ಹೊಸ ವಿಡಿಯೋ ಹಾಕಿ ಮೂರನ್ನು ಸೊನ್ನೆಗೆ ಇಳಿಸಿದ. ಬೆಂಗಳೂರಿನ ಕಾರ್ಯಕ್ರಮದವರು ಈ ಸಲ ಬೇಡ ಎಂದು ಸಂದೇಶ ಕಳಿಸಿದರು. ಮಹಿಳಾ ಸಂಘದವರು ಶಾಲಿನ ಮಾತನ್ನು ಮತ್ತೆ ಎತ್ತಲಿಲ್ಲ, ಅದೊಂದು ಲಾಭ. ತಿಥಿಯ ವಡೆ ಉಳಿದಿತ್ತು. ಇಬ್ಬರೂ ಅದನ್ನು ತಿನ್ನುತ್ತ ಕೂತೆವು, ಅವನು ಒಂದೊಂದಾಗಿ ಬೈಗುಳ ಓದಿದ.

ಅವುಗಳ ನಡುವೆ ಭದ್ರಾವತಿಯ ಯಾರೋ ಒಬ್ಬ ಹೀಗೆ ಬರೆದಿದ್ದ: "ಅಪ್ಪ ಒಳ್ಳೆಯವನಂತೆ. ಅಮ್ಮ ಟೀಚರಂತೆ. ಮನೇಲಿ ದಿನಾ ಊಟ ಇತ್ತಂತೆ. ಮತ್ತೆ ಈ ನನ್ಮಗನಿಗೆ ರ‍್ಯಾಪ್ ಯಾಕೆ ಬೇಕಿತ್ತು?"

"ಅದನ್ನ ಇನ್ನೊಂದ್ಸಲ ಓದು" ಎಂದೆ.

ಮಗ ಓದಿದ. ನನ್ನ ಗಂಡನ ಬಗ್ಗೆ ಈ ಊರಿನಲ್ಲಿ ಬಂದ ಮೊದಲ ಸರಿಯಾದ ವಿಮರ್ಶೆ ಅದು.